ಬೆಕ್ಕಿನ ಕೂದಲಿನ ಮೇಲೆ ವಿಚಿಯನ್‌ನ ದಂಡಯಾತ್ರೆ

ಸುಫಾನ್‌ಬುರಿಯಿಂದ ಉತ್ತರಕ್ಕೆ ಹೋಗುವ ರಸ್ತೆಯಲ್ಲಿ ಅಕ್ಕಿ ಗಿರಣಿ ದಾಟಿದರೆ ಎಡಗಡೆ ಒಂದು ತಗಡಿನ ಚಪ್ಪರ ಸಿಗುತ್ತದೆ. ಅದರ ಕೆಳಗೆ ಎರಡು ಕಾರು ನಿಲ್ಲುವಷ್ಟು ಜಾಗ, ಒಂದು ನೀರಿನ ತೊಟ್ಟಿ, ಗೋಡೆಗೆ ನೇತುಹಾಕಿದ ಪಾಲಿಶ್ ಮೆಷಿನ್, ಆಮೇಲೆ ವಿಚಿಯನ್. ಇಷ್ಟರಲ್ಲಿ ನೋಡತಕ್ಕದ್ದು ಯಾವುದು ಎಂದು ನೀವು ಕೇಳಿದರೆ ವಿಚಿಯನ್ ತನ್ನನ್ನೇ ತೋರಿಸಿಕೊಳ್ಳುತ್ತಾನೆ. ಕೇಳದಿದ್ದರೂ ತೋರಿಸಿಕೊಳ್ಳುತ್ತಾನೆ.

ಐವತ್ತು ದಾಟಿದ ಆಸಾಮಿ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಎಲ್ಲಕ್ಕೂ ಮುಂದೆ ಅವನ ತಲೆಗೂದಲು. ಹಣೆಯ ಮೇಲಿಂದ ಅಲೆಯ ಹಾಗೆ ಎದ್ದು, ಹಿಂದಕ್ಕೆ ಬಾಗಿ, ಎಣ್ಣೆಯಲ್ಲಿ ಮಿಂದು, ಕುತ್ತಿಗೆಯ ಬಳಿ ಬಾತುಕೋಳಿಯ ಪುಕ್ಕದಂತೆ ಮೇಲಕ್ಕೆ ಹೊರಳುತ್ತಿತ್ತು. ಅದರ ಕಪ್ಪು ಎಲ್ಲಿಂದ ಬರುತ್ತದೆಂದು ಹೆಂಡತಿ ಮಾಲೈಗೂ ಮೂಲೆಯ ಅಂಗಡಿಯವಳಿಗೂ ಮಾತ್ರ ಗೊತ್ತು. ಮೆಷಿನ್ ಕೈಗೆತ್ತಿಕೊಳ್ಳುವ ಮುಂಚೆ ಒಮ್ಮೆ, ಕೆಳಗಿಟ್ಟ ಮೇಲೆ ಒಮ್ಮೆ, ಕಾರಿನ ಬಾಗಿಲಲ್ಲಿ ನೋಡಿಕೊಂಡು ಬಾಚಿಕೊಳ್ಳುತ್ತಿದ್ದ. ಅವನು ಕಪ್ಪು, ಕಡುನೀಲಿ ಕಾರುಗಳನ್ನು ಬಿಟ್ಟು ಬೇರೆ ಬಣ್ಣದ್ದನ್ನು ಹತ್ತಿರ ಸೇರಿಸದಿರಲು ಇದೂ ಒಂದು ಕಾರಣವಿರಬೇಕು. ಬೇರೆ ಬಣ್ಣದ ಕಾರಲ್ಲಿ ಮುಖ ಕಾಣುವುದಿಲ್ಲ.

ಕಪ್ಪು ಕಾರನ್ನು ನೆರಳಿನಲ್ಲಿ ನೋಡಿದರೆ ಎಲ್ಲ ಕ್ಷೇಮ. ಬಿಸಿಲಿಗೆ ತಂದು ನಿಲ್ಲಿಸಿ ನೋಡಬೇಕು. ಸೂರ್ಯನ ಬಿಂಬದ ಸುತ್ತ ನವಿರಾದ ಗೀರುಗಳು, ಜೇಡ ಬಲೆ ನೇಯ್ದ ಹಾಗೆ, ಸುತ್ತಿ ಸುತ್ತಿ ಎದ್ದು ಕಾಣುತ್ತವೆ. ನಮ್ಮ ಕಡೆ ಅದಕ್ಕೆ ಬೆಕ್ಕಿನ ಕೂದಲು ಎನ್ನುತ್ತೇವೆ. ಪಾಪ, ಬೆಕ್ಕು ನಿರಪರಾಧಿ. ಧೂಳು ಕುಳಿತ ಬಟ್ಟೆ, ಕೋಳಿಪುಕ್ಕದ ಪೊರಕೆ, ತಳದಲ್ಲಿ ಮರಳಿರುವ ಬಕೆಟ್ಟು, ಇವೆಲ್ಲದರ ಹಿಂದೆ ಮಾಲೀಕರ ಅತಿಯಾದ ಪ್ರೀತಿ, ಇದರಿಂದ ಆಗುವ ಗಾಯ ಅದು. "ಕಾರು ಹಾಳು ಮಾಡೋರು ಕಳ್ಳರಲ್ಲ, ಒರೆಸೋರು" ಎಂದು ವಿಚಿಯನ್ ಹೇಳುತ್ತಿದ್ದ. ಹೇಳಿ, ಒರೆಸಿದವರ ಮುಖವನ್ನೇ ನೋಡುತ್ತಿದ್ದ.

ಸಂತೆಬೀದಿಯ ಪಾ ಸಂಗ್‌ದುವನ್ ಅಂಥ ಪ್ರೀತಿಯ ಹೆಂಗಸು. ನಮ್ಮಲ್ಲಿ ತಾಯಿಗಿಂತ ದೊಡ್ಡವಳಂತೆ ಕಾಣುವ ಹೆಂಗಸರಿಗೆಲ್ಲ ‘ಪಾ’ ಎನ್ನಬೇಕು, ಇಲ್ಲದಿದ್ದರೆ ನೂಡಲ್ಸಿನಲ್ಲಿ ಮಾಂಸದ ಉಂಡೆ ಕಡಿಮೆ ಬೀಳುತ್ತದೆ. ಜೀವಮಾನವೆಲ್ಲ ನೂಡಲ್ಸ್ ಗಾಡಿ ತಳ್ಳಿದ ಆಕೆ ಒಂದು ಹಳೆಯ ಕಪ್ಪು ಜರ್ಮನ್ ಕಾರು ಕೊಂಡಿದ್ದಳು. ಕಾರಣ ಅವಳ ನಾದಿನಿ, ಪಾ ಪ್ರಯೋಂಗ್. ಸಂಗ್‌ದುವನಳ ಒಬ್ಬನೇ ಮಗ ಯುತ್ ಫ್ಯಾಕ್ಟರಿಯಲ್ಲಿ ಹದಿನೈದು ದಿನ ರಜೆ ಪಡೆದು, ನಮ್ಮ ಗಂಡಸರು ಜೀವನದಲ್ಲಿ ಒಮ್ಮೆ ಮಾಡುವಂತೆ, ಭಿಕ್ಷುವಾಗಿ ಇರಲು ಹೊರಟ ಸುದ್ದಿ ಕೇಳಿ, ನೆಂಟರ ಮನೆಯ ಊಟದಲ್ಲಿ ಎಲ್ಲರೆದುರು ಪ್ರಯೋಂಗ್ ಅಂದಿದ್ದಳು: "ಮೆರವಣಿಗೇಲಿ ಹುಡುಗನ್ನ ನಿನ್ನ ಗಾಡಿ ಮೇಲೇ ಕೂರಿಸ್ತೀಯ ಅತ್ತಿಗೆ? ಒಳ್ಳೇದೇ ಬಿಡು, ದಾರೀಲಿ ಹಸಿವಾದ್ರೆ ಬಿಸಿಬಿಸಿ ಸಿಗುತ್ತೆ."

ಕೊಂಡ ದಿನದಿಂದ ಆ ಕಾರನ್ನು ಸಂಗ್‌ದುವನ್ ದಿನಾ ಬೆಳಿಗ್ಗೆ ಒರೆಸುತ್ತಿದ್ದಳು, ಊಟದ ಮೇಜು ಒರೆಸುವ ಬಟ್ಟೆಯಲ್ಲೇ, ಸುತ್ತಿ ಸುತ್ತಿ.

ಮೆರವಣಿಗೆಗೆ ಒಂದು ವಾರವಿರುವಾಗ ಅದನ್ನು ಚಪ್ಪರದ ಮುಂದೆ ತಂದು ನಿಲ್ಲಿಸಿದಳು. ಪಕ್ಕದ ಸೀಟಿನಿಂದ ಪ್ರಯೋಂಗ್ ಇಳಿದಳು. ಇಂಥ ಕಡೆ ಅವಳು ತಪ್ಪದೆ ಬರುವವಳು.

"ಕೊಂಡಾಗ ಚೆನ್ನಾಗಿತ್ತು ವಿಚಿಯನ್" ಎಂದಳು ಸಂಗ್‌ದುವನ್. "ದಿನಾ ಒರೆಸ್ತೀನಿ. ಒರೆಸಿದಷ್ಟೂ ಮಂಕಾಗ್ತಾ ಇದೆ."

ವಿಚಿಯನ್ ಬಾನೆಟ್ಟಿನ ಮೇಲೆ ಬಾಗಿ, ವೈದ್ಯರು ನಾಲಿಗೆ ನೋಡುವಂತೆ ನೋಡಿದ. "ಪಾ, ಇದನ್ನ ಒರೆಸಿದ್ದಲ್ಲ, ಉಜ್ಜಿ ಉಜ್ಜಿ ಬೇಯಿಸಿದ್ದೀರಿ. ಮೆಣಸಿನ ಪುಡಿ ಬೇರೆ ಇದೆ ಇಲ್ಲಿ."

"ಸರಿ ಹೋಗುತ್ತಾ?"

"ಎಲ್ಲಿ ಸರಿ ಹೋಗುತ್ತೆ" ಎಂದು ಪ್ರಯೋಂಗ್ ನಡುವೆ ಬಂದಳು. "ಮೂರು ಮನೆ ಸುತ್ತಿ ಬಂದಿರೋ ಕಾರು. ಮುಖದ ಸುಕ್ಕಿಗೆ ಪೌಡರ್ ಹಚ್ಚಿದ ಹಾಗೆ ಇವನು ಮೇಣ ಮೆತ್ತಿ ಕೊಡ್ತಾನೆ, ಮಳೆ ಬಂದ ದಿನ ಬಣ್ಣ ಬಯಲು. ಕಾರಿಗಿಂತ ಇವನ ತಲೇಗೇ ಜಾಸ್ತಿ ಪಾಲಿಶ್ ಖರ್ಚಾಗುತ್ತೆ ಅಂತ ಊರೆಲ್ಲ ಆಡ್ಕೊಳ್ಳುತ್ತೆ."

ತಲೆಯ ಸುದ್ದಿಗೆ ಹೋಗಬಾರದಿತ್ತು. ವಿಚಿಯನ್ ನೆಟ್ಟಗೆ ನಿಂತ. ಎದೆಯುಬ್ಬಿಸಿದ, ಎಂದರೆ ಹೊಟ್ಟೆಯೂ ಜೊತೆಗೆ ಎದ್ದಿತು.

"ಪಾ ಪ್ರಯೋಂಗ್, ಕೇಳಿಸ್ಕೊಳ್ಳಿ. ಯುತ್ ದೀಕ್ಷಾಮಂದಿರದ ಹೊಸ್ತಿಲು ದಾಟೋ ಗಳಿಗೇಲಿ ಈ ಬಾನೆಟ್ ಮೇಲೆ ಒಂದೇ ಒಂದು ಬೆಕ್ಕಿನ ಕೂದಲು ತೋರಿಸಿ. ತೋರಿಸಿದ್ರೆ ಈ ತಲೆ ಬೋಳಿಸಿ, ಹುಬ್ಬೂ ಬೋಳಿಸಿ, ನಾನೂ ಹದಿನೈದು ದಿನ ಕಾವಿ ಉಡ್ತೀನಿ. ಊರ ಬುದ್ಧನಿಗೆ ಹರಕೆ."

ಒಳಗೆ ಒರಳಿನಲ್ಲಿ ಪಪ್ಪಾಯಿ ಕುಟ್ಟುತ್ತಿದ್ದ ಸದ್ದು ನಿಂತಿತು. ಮಾಲೈ ಒನಕೆ ಹಿಡಿದೇ ಹೊರಗೆ ಬಂದಳು. ಗಂಡ ಒಮ್ಮೆಯಾದರೂ ಭಿಕ್ಷುವಾಗಿ ಇದ್ದು ಬರಲಿ, ಅದರ ಪುಣ್ಯದಲ್ಲಿ ತನಗೂ ಒಂದು ಪಾಲು ಸಿಗಲಿ ಎಂದು ಮದುವೆಯಾದಾಗಿನಿಂದ ಕಾದವಳು. ಪ್ರತಿ ವರ್ಷವೂ ಅವನಿಗೆ ಬೆನ್ನುನೋವು ಬರುತ್ತಿತ್ತು, ಇಲ್ಲವೇ ಕೆಲಸ ಹೆಚ್ಚಾಗುತ್ತಿತ್ತು. ಅವಳು ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿ ಕೇಳಿದಳು:

"ಯಾರ್ಯಾರು ಕೇಳಿಸ್ಕೊಂಡ್ರಿ?"

ಎಲ್ಲರೂ ಕೇಳಿಸಿಕೊಂಡಿದ್ದರು. ಎದುರಿನ ಬಾಳೆಹಣ್ಣಿನ ಬೋಂಡಾದವನಂತೂ ಕೈಯನ್ನೇ ಎತ್ತಿದ.

ಯುದ್ಧ ಶುರುವಾಯಿತು. ಮೊದಲು ಸ್ನಾನ. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಕೈಗವಸು ಜಾಲಿಸುವ ಬರಿನೀರು. ಇವೆರಡೂ ಬೆರೆಯುವುದು ವಿಚಿಯನ್‌ನ ಪ್ರಕಾರ ಮಹಾಪಾಪ. ಆಮೇಲೆ ಜೇಡಿಮಣ್ಣಿನಂಥ ಉಂಡೆಯನ್ನು ನಾದಿ, ಬಣ್ಣದ ಮೇಲೆ ನೇರವಾಗಿ ಜಾರಿಸಿ, ಬೆರಳಿಗೆ ತಾಗುವ ಕಣ್ಣಿಗೆ ಕಾಣದ ತರಕಲನ್ನೆಲ್ಲ ಎತ್ತಿದ. ರಬ್ಬರು, ಅಂಚು, ಸಂದುಗಳಿಗೆ ಟೇಪು ಅಂಟಿಸಿದ. ಹಿಂಬದಿಗೆ ಬಂದಾಗ ಸಣ್ಣ ಜಗಳವಾಯಿತು. ಅಲ್ಲಿ ಒಂದು ಚೀಟಿ ಅಂಟಿತ್ತು: ‘ಈ ಕಾರು ಬಿಳಿ ಬಣ್ಣದ್ದು.’ ಸಂಗ್‌ದುವನ್ ಹುಟ್ಟಿದ ವಾರಕ್ಕೆ ಕಪ್ಪು ಆಗಿಬರುವುದಿಲ್ಲವೆಂದು ಜೋಯಿಸರು ಕೊಟ್ಟ ಪರಿಹಾರ ಅದು. ಗ್ರಹಗಳು ಚೀಟಿ ಓದಿ ಮೋಸಹೋಗಬೇಕು.

"ಇದನ್ನ ಕಿತ್ತು ಹಾಕ್ತೀನಿ ಪಾ. ನಾನು ವಾರವೆಲ್ಲ ಒದ್ದಾಡಿ ಕಪ್ಪು ಮಾಡೋದು, ಇದು ಹಿಂದಿನಿಂದ ಬಿಳಿ ಅನ್ನೋದು. ನನ್ನ ಮರ್ಯಾದೆ ಏನಾಗ್ಬೇಕು?"

"ಕಿತ್ತು ಆಕ್ಸಿಡೆಂಟ್ ಆದ್ರೆ ನಿನ್ನ ಮರ್ಯಾದೆ ಬಂದು ಕಾರು ಎತ್ತುತ್ತಾ?"

ಚೀಟಿ ಉಳಿಯಿತು. ವಿಚಿಯನ್ ಅದರ ಮೇಲೂ ಟೇಪು ಹಾಕಿ, ಕಣ್ಣಿಗೆ ಬೀಳದಂತೆ ಮಾಡಿಕೊಂಡು ಮುಂದುವರಿದ.

ಬೆಕ್ಕಿನ ಕೂದಲು ತೆಗೆಯುವುದೆಂದರೆ ಅದನ್ನು ಕೀಳುವುದಲ್ಲ, ಮುಚ್ಚುವುದೂ ಅಲ್ಲ. ಬಣ್ಣದ ಮೇಲೆ ಗಾಜಿನಂಥ ತೆಳ್ಳನೆಯ ಪದರವೊಂದಿರುತ್ತದೆ, ಗೀರು ಇರುವುದು ಅದರಲ್ಲಿ. ಗೀರಿನ ತಳ ಎಲ್ಲಿದೆಯೋ ಅಲ್ಲಿಯವರೆಗೆ ಸುತ್ತಲಿನ ನೆಲವನ್ನೇ ಇಳಿಸಬೇಕು. ಹೆಚ್ಚು ಇಳಿಸಿದರೆ ಪದರವೇ ಹರಿದು ಕಾರಿಗೆ ತೊನ್ನು ಬಂದಂತಾಗುತ್ತದೆ. ಕಡಿಮೆ ಇಳಿಸಿದರೆ ಬಿಸಿಲು ಚಾಡಿ ಹೇಳುತ್ತದೆ. ಸ್ಪಂಜಿನ ಬಿಲ್ಲೆಗೆ ಕಡಲೆಕಾಳಿನಷ್ಟು ಪೇಸ್ಟು ಹಚ್ಚಿ, ಅಂಗೈಯಗಲದ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಮಗುವಿನ ಬೆನ್ನು ತಟ್ಟುವಷ್ಟೇ ಭಾರ ಬಿಟ್ಟು ವಿಚಿಯನ್ ಮೆಷಿನ್ ಓಡಿಸುತ್ತಿದ್ದ. ಅವನು ಬಾಯಿ ಮುಚ್ಚಿಕೊಂಡಿರುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಆ ಮೆಷಿನ್ನಿನ ಗುಂಯ್ ಸದ್ದೆಂದರೆ ನಮ್ಮ ಬೀದಿಗೆ ಬಹಳ ನೆಮ್ಮದಿ.

ಬಾಗಿಲುಗಳು ಬಿದ್ದವು. ಮಾಡು ಶರಣಾಯಿತು. ಹಿಂಬದಿಯೂ ಸೋತಿತು. ಬಾನೆಟ್ ಒಂದು ಉಳಿದಿತ್ತು. ಶುರುಮಾಡುವ ಮುಂಚೆ ಅದನ್ನು ಬಿಸಿಲಿನಲ್ಲಿ ಒಮ್ಮೆ ನೋಡಿಕೊಳ್ಳೋಣವೆಂದು ಕಾರನ್ನು ಚಪ್ಪರದಾಚೆ ತಳ್ಳಿದ್ದೇ ತಪ್ಪಾಯಿತು. ಅಂದು ಲಾಟರಿಯ ಹಿಂದಿನ ದಿನ. ಟಿಕೆಟ್ಟಿನ ಪೆಟ್ಟಿಗೆ ಸೈಕಲ್ಲಿಗೆ ಕಟ್ಟಿಕೊಂಡು ಬಂದ ಉಬೊನ್ ಬಾನೆಟ್ ನೋಡಿ ಬ್ರೇಕು ಹಾಕಿದಳು.

"ಪೀ ವಿಚಿಯನ್, ಅಲ್ಲಿ ಏಳು ಕಾಣ್ತಿದೆ."

"ಅಲ್ಲಿ ಪಾ ಸಂಗ್‌ದುವನ್ ಅವರ ಬಟ್ಟೆ ಕಾಣ್ತಿದೆ. ಮುಂದೆ ಹೋಗು."

"ಅಣ್ಣಾ ಅಂತ ಮರ್ಯಾದೆ ಕೊಟ್ಟು ಹೇಳ್ತಿದ್ದೀನಿ, ಏಳೇ ಅದು. ಪಕ್ಕದಲ್ಲಿ ಇನ್ನೊಂದು ಇದೆ, ಸುತ್ತಿಕೊಂಡಿದೆ."

ಮರದ ಬೊಡ್ಡೆ, ಎರಡು ತಲೆಯ ಹಲ್ಲಿ, ಗುದ್ದಿಸಿಕೊಂಡ ಲಾರಿ, ಎಲ್ಲದರಲ್ಲೂ ನಂಬರು ಹುಡುಕುವ ಜನ ನಾವು. ಭಿಕ್ಷುವಾಗುವ ಹುಡುಗ ಕೂರಲಿರುವ ಕಾರು, ಅದರ ಮೇಲೆ ತಾನಾಗಿ ಮೂಡಿದ ಅಂಕೆ. ಸುದ್ದಿ ಗಿರಣಿಯವರೆಗೆ ಹೋಗಿ ಜನರನ್ನು ಕರೆದುಕೊಂಡೇ ಹಿಂದಿರುಗಿತು. ಎಲ್ಲರ ಕೈಯಲ್ಲೂ ಬೆವರುಸಾಲೆ ಪೌಡರಿನ ಡಬ್ಬಿ. ಪೌಡರು ಉದುರಿಸಿ ಬೆರಳಲ್ಲಿ ಉಜ್ಜಿದರೆ ಅಂಕೆ ಮೇಲೆ ಬರುತ್ತದೆ, ಅದು ನಮ್ಮ ಪದ್ಧತಿ. ವಿಚಿಯನ್ ನೀರು ಕುಡಿದು ಬರುವಷ್ಟರಲ್ಲಿ ಬಾನೆಟ್ ಹಿಟ್ಟಿನ ಮಣೆಯಂತೆ ಬೆಳ್ಳಗಾಗಿತ್ತು. ಅದರ ಮೇಲೆ ಕೈಗಳು ಗಿರ್ರನೆ ತಿರುಗುತ್ತಿದ್ದವು, ಒಂದು ಕೂದಲಿದ್ದ ಕಡೆ ಇಡೀ ಬೆಕ್ಕಿನ ಸಂಸಾರವನ್ನೇ ಹೂಡುತ್ತಿದ್ದವು.

ಅವನು ಬೈದ. ಯಾರೂ ಕದಲಲಿಲ್ಲ. ಸಂಗ್‌ದುವನ್‌ಗೆ ಹೇಳಿಕಳಿಸಿದ. ಬಂದವಳು ಬೈಯುವುದನ್ನು ಬಿಟ್ಟು ತಾನೂ ಬಗ್ಗಿ ನೋಡತೊಡಗಿದಳು.

"ನಾಳೆ ಲಾಟರಿ ಆಗೋವರೆಗೂ ಹಾಗೇ ಬಿಡೋದಕ್ಕಾಗಲ್ವಾ ವಿಚಿಯನ್?"

"ನಾಡಿದ್ದು ಬೆಳಿಗ್ಗೆ ನಿಮ್ಮ ಮಗನ ಮೆರವಣಿಗೆ ಪಾ."

"ಅದೂ ಹೌದು" ಎಂದಳು. ಆದರೂ ಕಣ್ಣು ಏಳರ ಮೇಲೇ ಇತ್ತು.

ಬಾಗಿಲಲ್ಲಿ ಒರಗಿ ನಿಂತಿದ್ದ ಮಾಲೈ ತಣ್ಣಗೆ ಅಂದಳು: "ಜನಗಳ ಭಕ್ತಿಗೆ ಯಾಕೆ ಅಡ್ಡಿ ಬರ್ತೀಯ ಪೀ? ಉಜ್ಜಲಿ ಬಿಡು." ನಮ್ಮಲ್ಲಿ ಹೆಂಡತಿ ಗಂಡನನ್ನೂ ಪೀ ಎಂದೇ ಕರೆಯುವುದು.

ಆಗ ವಿಚಿಯನ್‌ಗೆ ತನ್ನ ತಲೆಯ ಶತ್ರುಗಳು ಎಲ್ಲೆಲ್ಲಿದ್ದಾರೆಂದು ಮನವರಿಕೆಯಾಯಿತು. ಬಾಚಣಿಗೆ ತೆಗೆದು ನಿಧಾನವಾಗಿ ಬಾಚಿಕೊಂಡ. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ ಹೇಳಿದ:

"ಉಜ್ಜಿ. ನನಗೇನು. ಆದ್ರೆ ಮೇಲಿರೋದು ಹಳೇದು. ಕಾರು ಕೊಂಡಾಗಿನಿಂದ ಕೂತಿರೋ ಗೀರು, ಅಂದ್ರೆ ಯಾವತ್ತೋ ಬಂದು ಹೋದ ನಂಬರು. ಹೊಸದು ಇದ್ರೆ ತಳದಲ್ಲಿರಬೇಕು. ಅಲ್ಲೀವರೆಗೂ ಇಳಿಯೋಕೆ ಬೆರಳಿಗೆ ಆಗಲ್ಲ, ಮೆಷಿನ್ ಬೇಕು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಿನಲ್ಲಿ ನ್ಯಾಯವಿತ್ತು.

"ಹಾಗಿದ್ರೆ ಇಳಿ ಪೀ" ಎಂದಳು ಉಬೊನ್.

"ಧೂಳಿದ್ರೆ ಇಳಿಯೋಕಾಗಲ್ಲ. ಬಿಸಿಲಿದ್ರೆ ಪೇಸ್ಟು ಒಣಗುತ್ತೆ. ಪೌಡರ್ ಕಣ ಒಂದಿದ್ರೂ ತಳದ ನಂಬರ್ ಕೆಡುತ್ತೆ."

ಮರುಕ್ಷಣದಲ್ಲಿ ವಿಚಿಯನ್‌ಗೆ ಒಂದು ಸೈನ್ಯವಿತ್ತು. ಕಾರನ್ನು ನೆರಳಿಗೆ ತಳ್ಳಿದರು. ಅವನು ಹೇಳಿಕೊಟ್ಟಂತೆ ಉಜ್ಜದೆ, ನೀರು ಸುರಿದೇ ಪೌಡರು ತೊಳೆದರು. ಒಬ್ಬರು ನೆಲಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಕೊಡೆ ಹಿಡಿದರು. ಬೋಂಡಾದವನು ರಸ್ತೆಗೆ ಅಡ್ಡ ನಿಂತು ಸ್ಕೂಟರಿನವರನ್ನೆಲ್ಲ ಇಳಿದು ತಳ್ಳಿಕೊಂಡು ಹೋಗುವಂತೆ ಮಾಡಿದ. ಉಬೊನ್ ಮೆಷಿನ್ನಿನ ವೈರನ್ನು ರಾಣಿಯ ಸೆರಗಿನಂತೆ ಭುಜದ ಮೇಲೆ ಹೊತ್ತು ಅವನ ಹಿಂದೆ ಹಿಂದೆ ನಡೆದಳು. ಹಿಂದೆಂದೂ ಯಾವ ಬಾನೆಟ್ಟಿಗೂ ಇಂಥ ಸೇವೆ ನಡೆದಿರಲಿಲ್ಲ.

ಮಂಕು ಕರಗುತ್ತ ಬಂತು. ಬಲೆ ಹರಿಯಿತು. ವಿಚಿಯನ್ ಮೆತ್ತನೆಯ ಬಟ್ಟೆಯಿಂದ ಕೊನೆಯ ಪೇಸ್ಟನ್ನು ತೆಗೆದು ಪಕ್ಕಕ್ಕೆ ಸರಿದ. ಎಲ್ಲರೂ ಒಟ್ಟಿಗೆ ಬಗ್ಗಿದರು. ಬಾವಿಯ ನೀರಿನಂಥ ಕಪ್ಪು. ತಳದಲ್ಲಿ ಏಳೂ ಇಲ್ಲ, ಎಂಟೂ ಇಲ್ಲ. ಅವರ ಮುಖಗಳೇ ಸಾಲಾಗಿ ಅವರನ್ನು ನೋಡುತ್ತಿದ್ದವು.

ಇನ್ನೊಂದು ಊರಾಗಿದ್ದರೆ ಹೊಡೆದಾಟವಾಗುತ್ತಿತ್ತು. ಉಬೊನ್ ಮಾತ್ರ ಆ ಮುಖಗಳತ್ತ ಬೆರಳು ತೋರಿಸಿ ಹೇಳಿದಳು: "ಮುಖ ಎಣಿಸಿ." ಎಣಿಸಿದರು. ಕಾಲ ಬಳಿ ಬಂದು ಇಣುಕಿದ ಬೋಂಡಾದವನ ನಾಯಿಯನ್ನು ಸೇರಿಸಬೇಕೋ ಬೇಡವೋ ಎಂದು ವಾದವಾಗಿ, ಬೇಡವೆಂದು ತೀರ್ಮಾನವಾಯಿತು. ಉಬೊನ್‌ಳ ಪೆಟ್ಟಿಗೆಯಲ್ಲಿ ಆ ಅಂಕೆಯಿಂದ ಮುಗಿಯುವ ಟಿಕೆಟ್ ಒಂದೂ ಉಳಿಯಲಿಲ್ಲ. ಮಾರನೆಯ ದಿನ ಬಂದ ನಂಬರು ಅದಕ್ಕಿಂತ ಸರಿಯಾಗಿ ಒಂದು ಹೆಚ್ಚು. ನಾಯಿಗೆ ಅನ್ಯಾಯ ಮಾಡಿದ್ದಕ್ಕೆ ಇಡೀ ಬೀದಿ ಪರಿತಪಿಸಿತು.

ಮೆರವಣಿಗೆಯ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಮುಂದೆ ಉದ್ದನೆಯ ಡೋಲುಗಳು, ಕುಣಿಯುವ ನೆಂಟರು. ಹಿಂದೆ ಕಪ್ಪು ಕಾರು, ನಡಿಗೆಯ ವೇಗದಲ್ಲಿ. ಅದರ ಮಾಡಿನ ಕಿಂಡಿಯಿಂದ ಸೊಂಟದವರೆಗೆ ಎದ್ದು ನಿಂತ ಯುತ್, ಬೋಳು ತಲೆ, ಬಿಳಿ ಬಟ್ಟೆ, ಕೈಯಲ್ಲಿ ತಾವರೆ. ಸಂಗ್‌ದುವನ್ ಕಾವಿಬಟ್ಟೆಗಳನ್ನು ಎದೆಗೊತ್ತಿಕೊಂಡು ಬಾನೆಟ್ಟಿನ ಪಕ್ಕದಲ್ಲೇ ನಡೆದಳು. ಆಗಾಗ ಅದರೊಳಗೆ ನೋಡುತ್ತಿದ್ದಳು. ಅಲ್ಲಿ ರೇಷ್ಮೆ ಉಟ್ಟ, ಮಗನನ್ನು ಕಾರಿನಲ್ಲಿ ಕರೆದೊಯ್ಯುತ್ತಿರುವ ಹೆಂಗಸೊಬ್ಬಳು ಅವಳ ಜೊತೆಗೇ ಹೆಜ್ಜೆ ಹಾಕುತ್ತಿದ್ದಳು. ಆ ಹೆಂಗಸನ್ನು ನೋಡಿ ಸಂಗ್‌ದುವನ್‌ಗೆ ಅಳು ಬಂತು, ಅವಳಿಗೂ ಬಂತು.

ಪ್ರಯೋಂಗ್ ಒಂದೊಂದು ತಿರುವಿನಲ್ಲೂ ಬಾನೆಟ್ ತಪಾಸಣೆ ಮಾಡಿದಳು. ಓರೆಯಿಂದ ನೋಡಿದಳು, ಕೂತು ನೋಡಿದಳು. ಕೊನೆಗೆ ತೀರಾ ಹತ್ತಿರ ಬಗ್ಗಿ, ತಟಕ್ಕನೆ ಹಿಂದೆ ಸರಿದಳು.

"ಇದ್ಯಾರು, ಇಷ್ಟು ವಯಸ್ಸಾದೋಳು?"

"ಬೆಕ್ಕಿನ ಕೂದಲು ತೆಗೀತೀನಿ ಅಂದಿದ್ದೆ ಪಾ. ಮಿಕ್ಕಿದ್ದಕ್ಕೆ ನಾನು ಜವಾಬ್ದಾರಿ ಅಲ್ಲ" ಎಂದ ವಿಚಿಯನ್.

ಬಹುಶಃ ಅಲ್ಲೇ ಅವನ ಹಣೆಬರಹ ಬರೆದುಹೋಯಿತು.

ದೇವಾಲಯದ ಅಂಗಳದಲ್ಲಿ ಕಾರು ನಿಂತಿತು. ಯುತ್‌ನನ್ನು ಗೆಳೆಯರು ಹೆಗಲ ಮೇಲೆ ಹೊತ್ತು ದೀಕ್ಷಾಮಂದಿರಕ್ಕೆ ಮೂರು ಸುತ್ತು ಬಂದರು. ಇನ್ನು ಉಳಿದಿದ್ದು ನಾಣ್ಯ ಎರಚುವುದು. ಹೊಸ್ತಿಲು ದಾಟುವ ಮುಂಚೆ ಹುಡುಗ ಬಣ್ಣದ ರಿಬ್ಬನ್ ಸುತ್ತಿದ ನಾಣ್ಯಗಳನ್ನು ಮೆಟ್ಟಿಲ ಮೇಲಿಂದ ಜನರತ್ತ ಎರಚಬೇಕು. ಆ ನಾಣ್ಯ ಚೀಲದಲ್ಲಿದ್ದರೆ ಅದೃಷ್ಟ ಎಂದು ಮುದುಕರು ಕೂಡ ಕೋಲು ಬಿಸಾಡಿ ಬಗ್ಗುತ್ತಾರೆ. ವಿಚಿಯನ್ ಬಾನೆಟ್ಟಿನ ಮುಂದೆ ಕೈಕಟ್ಟಿ ಕಾವಲು ನಿಂತಿದ್ದ. ಒಂದು ಹೊಸ್ತಿಲು, ಒಂದು ಹೆಜ್ಜೆ, ಆಮೇಲೆ ತಲೆ ತನ್ನದು.

ಪ್ರಯೋಂಗ್ ಬಂದು ಕಾರಿನ ಪಕ್ಕದಲ್ಲೇ ನಿಂತು ಎರಡೂ ಕೈ ಮೇಲೆತ್ತಿದಳು.

"ಯುತ್, ಈ ಕಡೆ ಕಣೋ. ನಿನ್ನ ಅತ್ತೆ ಇಲ್ಲಿದ್ದೀನಿ."

ಒಳ್ಳೆಯ ಹುಡುಗ, ಅತ್ತೆಯ ಮಾತು ಮೀರುವವನಲ್ಲ. ಇಡೀ ಪಾತ್ರೆಯ ನಾಣ್ಯವನ್ನೇ ಅತ್ತ ಎರಚಿದ. ನಾಣ್ಯಗಳು ಬಿಸಿಲಿನಲ್ಲಿ ಮಿಂಚುತ್ತ ಬರುವುದನ್ನು ಕಂಡ ವಿಚಿಯನ್ ಯೋಚಿಸಲಿಲ್ಲ. ಕೈಕಾಲು ಅಗಲಿಸಿ ಬಾನೆಟ್ಟಿನ ಮೇಲೆ ಮಗುಚಿಕೊಂಡು, ತನ್ನ ದೊಡ್ಡ ದೇಹವನ್ನೇ ಗುರಾಣಿ ಮಾಡಿದ. ನಾಣ್ಯಗಳೆಲ್ಲ ಅವನ ಬೆನ್ನಿನ ಮೇಲೆ ಪಟಪಟನೆ ಬಿದ್ದವು. ಒಂದೂ ಕಾರಿಗೆ ತಾಗಲಿಲ್ಲ. ವೀರರು ಹೀಗೇ ಇರುತ್ತಾರೆ. ಆದರೆ ನೋಡಿದ ಜನಕ್ಕೆ ಕಂಡಿದ್ದು ಬೇರೆ: ಅಷ್ಟು ದೊಡ್ಡ ಮನುಷ್ಯ ಅಷ್ಟು ಆಸೆಯಿಂದ ಮುಚ್ಚಿಕೊಂಡಿದ್ದಾನೆಂದರೆ ಕೆಳಗೆ ಎಷ್ಟು ನಾಣ್ಯಗಳಿರಬೇಡ. ಎಲ್ಲರೂ ಅವನ ಮೇಲೆ ಬಿದ್ದರು. ಯುತ್‌ನನ್ನು ಹೊತ್ತಿದ್ದ ಗೆಳೆಯರೂ ಅವನನ್ನು ಇಳಿಸಿ ಓಡಿಬಂದರು.

ಗುಂಪು ಕರಗಿದ ಮೇಲೆ ವಿಚಿಯನ್ ಎದ್ದ. ಬಾನೆಟ್ಟಿನ ನಟ್ಟನಡುವೆ ಗೇಣುದ್ದದ ಬಿಳಿ ಗೀರು. ಅವನ ಕತ್ತಿನಲ್ಲಿ ತಾಯಿತದ ಬುದ್ಧ, ಲೋಹದ ಚೌಕಟ್ಟಿನಲ್ಲಿ. ಕತ್ತಿ, ಗುಂಡು ಯಾವುದೂ ತಾಗದಂತೆ ಕಾಯುವ ತಾಯಿತ. ಕೆಲಸ ಮಾಡುವಾಗ ಅದನ್ನು ಬೆನ್ನ ಮೇಲೆ ತಿರುಗಿಸಿಕೊಳ್ಳುತ್ತಿದ್ದವನು ಅಂದು ಹಬ್ಬವೆಂದು ಅಂಗಿಯ ಮೇಲೆ ಎದ್ದು ಕಾಣುವಂತೆ ಹಾಕಿಕೊಂಡಿದ್ದ. ಇಡೀ ಊರು ಅವನನ್ನು ಒತ್ತಿದಾಗ ಅವನು ತಾಯಿತವನ್ನು ಒತ್ತಿದ್ದ.

"ಬೆಕ್ಕಿನ ಕೂದಲು" ಎಂದಳು ಪ್ರಯೋಂಗ್.

"ಕೂದಲಲ್ಲ ಇದು. ಗೀರು. ಕೂದಲು ಅಂದ್ರೆ ಸುತ್ತಿಕೊಂಡಿರುತ್ತೆ, ನವಿರಾಗಿರುತ್ತೆ. ಯಾರನ್ನ ಬೇಕಾದ್ರೂ ಕೇಳಿ."

"ಕೂದಲಿಗೇ ತಲೆ ಬೋಳಿಸ್ತೀನಿ ಅಂದೋನು ಬಾಲಕ್ಕೆ ಏನು ಬೋಳಿಸ್ತೀಯ?"

ಸಂಗ್‌ದುವನ್ ನಾದಿನಿಯ ಕೈ ಹಿಡಿದಳು. "ಬಿಡು ಪ್ರಯೋಂಗ್. ಇದಾಗೋ ಹೊತ್ತಿಗೆ ನನ್ನ ಮಗ ಹೊಸ್ತಿಲು ದಾಟಿ ಆಗಿತ್ತು. ನಾನೇ ಕಣ್ಣಾರೆ ಕಂಡೆ."

"ಅಮ್ಮ" ಎಂದು ಮೆಟ್ಟಿಲ ಮೇಲಿಂದ ದನಿ ಬಂತು. ಕಾಲು ತಾಗದಂತೆ ಗೆಳೆಯರು ಎತ್ತಿ ದಾಟಿಸಬೇಕಾದ ಹೊಸ್ತಿಲ ಈಚೆಗೇ ಯುತ್ ತಾವರೆ ಹಿಡಿದು ಒಬ್ಬನೇ ನಿಂತಿದ್ದ. "ನಾನಿನ್ನೂ ಇಲ್ಲೇ ಇದ್ದೀನಿ. ಎತ್ತಿ ದಾಟಿಸೋಕೆ ಯಾರೂ ಇಲ್ಲ."

ಮಂದಿರದ ಬಾಗಿಲಿಗೆ ಬಂದಿದ್ದ ಹಿರಿಯ ಭಿಕ್ಷು, ನಾವು ಲುವಾಂಗ್ ಪೋ ಎನ್ನುವ ಮುದುಕರು, ಎಲ್ಲವನ್ನೂ ಕೇಳಿ ಕೆಮ್ಮಿದರು. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ. "ಹರಕೆ ಹೊತ್ತಿದ್ದು ನಿನ್ನ ಬಾಯಿ. ಅದು ಗೀರೋ ಕೂದಲೋ ಅಂತ ಹೇಳಬೇಕಾದ್ದೂ ನಿನ್ನ ಬಾಯೇ ವಿಚಿಯನ್."

ವಿಚಿಯನ್ ಬಾನೆಟ್ಟಿನ ಮೇಲೆ ಬಾಗಿದ. ಗೀರನ್ನು ಉಗುರಿನಿಂದ ಮುಟ್ಟಿ ನೋಡಿದ. ನೋಡುತ್ತ ನೋಡುತ್ತ ಅದರ ಎರಡೂ ಪಕ್ಕದಲ್ಲಿ, ಊರವರ ಮೊಣಕೈ ತೋಳುಗಳು ಉಜ್ಜಿದ ಕಡೆ, ನವಿರಾಗಿ ಸುತ್ತಿಕೊಂಡ ಒಂದೆರಡು ಎಳೆಗಳು ಕಂಡವು. ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಪ್ರಯೋಂಗ್‌ಳ ಕಣ್ಣಿಗೂ. ಸುಮ್ಮನಿದ್ದಿದ್ದರೆ ಗೀರಿನ ವಾದದಲ್ಲಿ ಗೆದ್ದುಬಿಡುತ್ತಿದ್ದ. ಆದರೆ ಬೆಕ್ಕಿನ ಕೂದಲು ಕಂಡೂ ಕಂಡಿಲ್ಲ ಎನ್ನುವುದು ಅವನ ನಾಲಿಗೆಗೆ ಬಾರದ ವಿದ್ಯೆ.

"ಇದೆ" ಎಂದ. "ಗೀರಲ್ಲ. ಇಲ್ಲಿ, ಇದರ ಪಕ್ಕ. ಎರಡು."

ಪ್ರಯೋಂಗ್ ಬಗ್ಗಿ ಹುಡುಕಿದಳು. ಕಾಣಲಿಲ್ಲ. "ನನಗೇನೂ ಕಾಣ್ತಿಲ್ಲಪ್ಪ" ಎಂದಳು, ಮೊದಲ ಸಲ ಪೆಚ್ಚಾಗಿ.

"ನಿಮಗೆ ಕಾಣಲ್ಲ ಪಾ. ಅದಕ್ಕೆ ಕಣ್ಣು ಬೇಕು."

ಸೋಲಿನಲ್ಲೂ ಅಷ್ಟು ಜಂಬ ಕೊಚ್ಚಿಕೊಂಡು ಹಿಂದಿರುಗಿ ನೋಡಿದರೆ ಮಾಲೈ ನಿಂತಿದ್ದಳು. ಕೈಯಲ್ಲಿ ಅಂಗಡಿಯ ಕಾಗದ ಬಿಚ್ಚದ ಹೊಸ ಕಾವಿಬಟ್ಟೆಗಳು. ಮಡಿಕೆಯ ಅಂಚುಗಳು ಮಾಸಿದ್ದವು. ಅಂದರೆ ಹೊಸದಾಗಿ ಕೊಂಡಿದ್ದಲ್ಲ, ಬೀರುವಿನಲ್ಲಿ ಬಹಳ ಕಾಲದಿಂದ ಕಾದದ್ದು.

"ಅಳತೆ ಸರಿ ಇದ್ಯಾ ನೋಡು ಪೀ" ಎಂದಳು. "ಕೊಂಡಾಗ ನೀನು ಸಣ್ಣಗಿದ್ದೆ."

ಮುಂದಿನ ಶುಭದಿನ ವಿಚಿಯನ್‌ನ ಅಲೆ ನೆಲಕ್ಕಿಳಿಯಿತು. ಮೊದಲ ಎಳೆ ಕೂದಲು ಕತ್ತರಿಸುವ ಗೌರವವನ್ನು ಪ್ರಯೋಂಗ್ ಬೇಡಿ ಪಡೆದಳು. ಸಂಗ್‌ದುವನ್ ತನ್ನ ಕಾರಿನಲ್ಲೇ ಅವನನ್ನು ದೇವಾಲಯಕ್ಕೆ ಬಿಟ್ಟುಬಂದಳು. ಗೀರಿನ ಕಡೆ ನೋಡಬಾರದೆಂದು ಅವನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ನೋಡಿದವರು ಆಗಲೇ ಧ್ಯಾನ ಶುರುವಾಗಿದೆ ಎಂದುಕೊಂಡರು.

ಮಾರನೆಯ ಬೆಳಿಗ್ಗೆ ಭಿಕ್ಷುಗಳ ಸಾಲು ನಮ್ಮ ಬೀದಿಗೆ ಬಂತು. ಎಲ್ಲರ ಹಿಂದೆ ಬರಿಗಾಲಿನಲ್ಲಿ, ಹುಬ್ಬಿಲ್ಲದ ಹಣೆ ಹೊತ್ತು, ಭಿಕ್ಷಾಪಾತ್ರೆ ತಬ್ಬಿಕೊಂಡು ವಿಚಿಯನ್. ಮಾಲೈ ಮನೆಯ ಮುಂದೆ ಮಂಡಿಯೂರಿದ್ದಳು. ಬಿಸಿ ಅನ್ನ, ಹುರಿದ ಮೀನು, ಒಂದು ಹೂವು ಪಾತ್ರೆಗೆ ಹಾಕಿ, ಕೈಮುಗಿದು, ಮದುವೆಯಾದಾಗಿನಿಂದ ಎಂದೂ ಆಡದ ವಿನಯದಲ್ಲಿ ಮಾತಾಡಿದಳು. ಭಿಕ್ಷುವಾದವನು ಈಗ ಅವಳಿಗೆ ಬರಿಯ ಪೀ ಅಲ್ಲ.

"ಲುವಾಂಗ್ ಪೀ, ತಪ್ಪು ತಿಳೀಬಾರ್ದು. ಬಚ್ಚಲಿನ ನಲ್ಲಿ ಸೋರ್ತಾನೇ ಇದೆ. ತಾವು ಸಂಸಾರಿಯಾಗಿದ್ದಾಗ ಹೇಳಿದ್ದೆ, ಆಗ ತಮಗೆ ಕಿವಿ ಕೇಳ್ತಿರ್ಲಿಲ್ಲ. ನನ್ನ ತಮ್ಮನ ಮದುವೆಗೆ ಬರ್ತೀನಿ ಅಂತ ಹೇಳಿ ಮೀನು ಹಿಡಿಯೋಕೆ ಹೋಗಿದ್ದು ಗೊತ್ತಾಗಿತ್ತು, ನಾನೇ ಸುಮ್ಮನಿದ್ದೆ. ಆಮೇಲೆ ತಲೆಗೆ ಹಚ್ಚೋ ಬಣ್ಣ..."

ಭಿಕ್ಷು ಎದುರಾಡುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ, ಅನ್ನ ಹಾಕಿದವಳನ್ನು ಹರಸದೆ ಹೋಗುವಂತಿಲ್ಲ. ವಿಚಿಯನ್ ಕಣ್ಣು ಕೆಳಗಿಟ್ಟು, ಆಯುಸ್ಸು ಬಣ್ಣ ಸುಖ ಬಲ ನಾಲ್ಕೂ ನಿನಗಿರಲಿ ಎನ್ನುವ ಹಾರೈಕೆಯ ಮಂತ್ರವನ್ನು ಶುರುಮಾಡಿದ. ಮಾಲೈ ತಲೆಬಾಗಿ, ಅದು ಮುಗಿಯಲೆಂದು ಕಾದಳು. ಮುಗಿದೊಡನೆ ಅವಳು ಮತ್ತೆ ಬಾಯಿ ತೆರೆಯುವುದನ್ನು ಕಂಡು, ಅವನು ಅದೇ ಮಂತ್ರವನ್ನು ಮೊದಲಿನಿಂದ ಹೇಳತೊಡಗಿದ. ಸಾಲಿನ ಮುಂದಿದ್ದ ಲುವಾಂಗ್ ಪೋ ಆಗಲೇ ಗಿರಣಿ ದಾಟಿದ್ದರು.